ತಿದಿ ಒತ್ತುವ ನಲ್ಲಪ್ಪ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ವರ್ತೂರಿನ ನಲ್ಲಪ್ಪನಿಗೆ ಎದೆ ಡವಡವ. ವೈಟ್‌ಫೀಲ್ಡಿನ ಚರ್ಚಿನಲ್ಲಿ ಪರದೆಯ ಹಿಂದೆ ನಿಂತು, ಹಳೇ ಆರ್ಗನ್ನಿಗೆ ಗಾಳಿ ತುಂಬುವ ತಿದಿಯ ಹಿಡಿ ಒತ್ತುವುದು ಅವನ ಕೆಲಸ. ಅವನಿಗೆ ಇಂಗ್ಲಿಷ್ ಬಾರದು. ಆದರೆ ಇಪ್ಪತ್ತಾರು ವರ್ಷದಿಂದಲೂ ಅವೇ ಹಾಡುಗಳು. ಯಾವ ಸಾಲಿಗೆ ಎಷ್ಟು ಗಾಳಿ ಬೇಕೆಂದು ಅವನ ತೋಳಿಗೆ ಗೊತ್ತು.

"ನಾನು ಕೈ ಬಿಟ್ರೆ ಹಾಡು ಸತ್ತೋಗ್ತದೆ ಕಣೇ. ಅಬ್ಬದ್ ದಿನಾನೇ ಅಪಶಕುನ ಆದ್ರೆ ಅವ್ರ ದೇವ್ರು ನಮ್ಮನ್ನ ಸುಮ್ನೆ ಬಿಟ್ಟಾನಾ?" ಎಂದು ಹೆಂಡತಿ ಮುನಿಯಕ್ಕನ ಹತ್ತಿರ ಗೋಳಾಡುತ್ತಿದ್ದ.

ಎಪ್ಪತ್ತೆಂಟರ ಕ್ರಿಸ್‌ಮಸ್ ಬೆಳಿಗ್ಗೆ ಅದೇ ಆಯಿತು. ಎಲ್ಲರೂ ಕಾಯುವ ಕೊನೆಯ ಹಾಡಿನ ನಡುವೆ ಅವನ ಭುಜ ಹಿಡಿದುಕೊಂಡಿತು, ಕೈ ಮೇಲೇಳಲಿಲ್ಲ. ಆರ್ಗನ್ ದನದಂತೆ ನರಳಿ ಸುಮ್ಮನಾಯಿತು. ನಲ್ಲಪ್ಪ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ.

ಹಾಡು ನಿಲ್ಲಲಿಲ್ಲ. ಮುದುಕಿಯರು, ಮಕ್ಕಳು, ಬಾಗಿಲಲ್ಲಿ ನಿಂತಿದ್ದ ಜಟಕಾದವನೂ ಸೇರಿ ಮೊದಲಿಗಿಂತ ಜೋರಾಗಿ ಹಾಡುತ್ತಲೇ ಇದ್ದರು. ಒಬ್ಬರೂ ಪರದೆಯತ್ತ ತಿರುಗಿ ನೋಡಲಿಲ್ಲ.

ನಲ್ಲಪ್ಪನಿಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಇನ್ನೊಂದು ಕೈಯಿಂದ ಹಿಡಿಯನ್ನು ತಡಕಾಡಿ ಹಿಡಿದು, ದಮ್ಮು ಕಟ್ಟಿ ಒತ್ತತೊಡಗಿದ.