ಮೂರು ಬೋರ್ಡಿನ ಮನೆ

ನಮ್ಮ ನಾಣಿಯ ಮನೆ ಮುಂದಿನ ಹುಲ್ಲಿನ ಮೇಲೆ ಈ ಸಲದ ಎಲೆಕ್ಷನ್ನಿಗೆ ಮೂರು ಬೋರ್ಡು ನಿಂತಿದ್ದವು. ಮೂರೂ ಬೇರೆ ಬೇರೆ ಅಭ್ಯರ್ಥಿಗಳದು!

ನಾಯಿ ಓಡಾಡಿಸಲು ಬಂದವರು ನಿಂತು ನೋಡಿ ನಗುತ್ತಿದ್ದರು. ನಗದೆ ಇನ್ನೇನು ಮಾಡುತ್ತಾರೆ? ಈ ಕೆನಡಾ ದೇಶದಲ್ಲಿ ಓಟು ಗುಟ್ಟು. ಆದರೆ ತಾವು ಯಾರ ಕಡೆ ಎಂಬುದನ್ನು ಮನೆ ಮುಂದೆ ಬೋರ್ಡು ನೆಟ್ಟು ಸಾರುವುದು ವಾಡಿಕೆ. ಒಂದು ಮನೆಗೆ ಒಂದು ಬೋರ್ಡು. ಗಂಡ ಹೆಂಡತಿಗೆ ಹೊಂದಿಕೆಯಿಲ್ಲದಿದ್ದರೆ ಎರಡು. ಮೂರು ಇರುವ ಮನೆಯನ್ನು ನಮ್ಮ ಊರು ಮಿಸಿಸಾಗ ಕಂಡಿರಲಿಲ್ಲ.

"ಏನೋ ಇದು ನಾಣಿ, ಮನೆಯೋ ಸಂತೆಯೋ?" ಎಂದು ರೇಗಿಸಿದೆ.

"ಬಾಗಿಲಿಗೆ ಬಂದು ಕೇಳಿದ್ರು ಕಣೋ. ಆ ಚಳಿ ಗಾಳೀಲಿ ನಿಂತು ಕೇಳೋರಿಗೆ ಇಲ್ಲ ಅಂತ ಹೇಗನ್ನೋದು? ನಮ್ಮಮ್ಮ ಯಾರನ್ನಾದ್ರೂ ಬರಿಗೈಲಿ ಕಳಿಸಿದ್ದು ನೋಡಿದೀಯಾ?"

"ನಿಮ್ಮಮ್ಮ ಊಟ ಹಾಕಿ ಕಳಿಸ್ತಿದ್ರು. ಓಟು ಹಾಕ್ತೀನಿ ಅಂತ ಮಾತು ಕೊಡ್ತಿರಲಿಲ್ಲ."

"ನಾನೆಲ್ಲಿ ಕೊಟ್ಟೆ? ಬೋರ್ಡಿಗೆ ಜಾಗ ಕೊಟ್ಟೆ ಅಷ್ಟೆ."

ಅಡುಗೆಮನೆಯಿಂದ ಅವನ ಹೆಂಡತಿ ವಿಮಲ ಕೂಗಿದಳು. "ಕಾಫೀನೂ ಕೊಟ್ಟಿದಾರೆ ಕೇಳಿ! ನಂಜೊತೆ ಒಂದು ಮಾತಿಲ್ಲ, ಡಿಕಾಕ್ಷನ್ನೆಲ್ಲ ಪ್ರಜಾಪ್ರಭುತ್ವಕ್ಕೆ ಹೋಯ್ತು."

ನಾವೆಲ್ಲ ನಕ್ಕೆವು. ಬೋರ್ಡುಗಳ ಬಣ್ಣ ನೋಡಿ ನಕ್ಕೆವೇ ಹೊರತು ಅಕ್ಷರ ಯಾರು ಓದಿದರು?

ನಾಣಿ ಮೈಸೂರಿನವನು. ಇಲ್ಲಿ ಬಂದು ರಸ್ತೆ, ಸೇತುವೆ ಕಟ್ಟಿ ರಿಟೈರಾದ ಸಿವಿಲ್ ಇಂಜಿನಿಯರು. ಇಬ್ಬರು ಮಕ್ಕಳು ತಮ್ಮ ತಮ್ಮ ಸಂಸಾರ ಕಟ್ಟಿಕೊಂಡು ದೂರ ಹೋದ ಮೇಲೆ ಬೇಸ್‌ಮೆಂಟು ಖಾಲಿ ಬಿದ್ದಿತ್ತು. ಅಲ್ಲಿಗೆ ಬಾಡಿಗೆಗೆ ಬಂದವಳು ಅಕ್ಷತಾ. ಗದಗದ ಹುಡುಗಿ. ಇಲ್ಲಿಯ ಕಾಲೇಜೊಂದರಲ್ಲಿ ಓದು ಮುಗಿಸಿ, ಏರ್‌ಪೋರ್ಟ್ ಹತ್ತಿರದ ಗೋದಾಮಿನಲ್ಲಿ ಬೆಳಗಿನ ಶಿಫ್ಟಲ್ಲಿ ಕೆಲಸ ಮಾಡುತ್ತಿದ್ದಳು. ವರ್ಕ್ ಪರ್ಮಿಟ್ಟಿನ ಅವಧಿ ಮುಗಿಯುತ್ತ ಬಂದಿತ್ತು. ಮುಂದೇನು ಎಂದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ಶುಕ್ರವಾರ ಸಂಜೆ ಅವಳ ಊಟ ಮೇಲೆ, ವಿಮಲಳ ಜೊತೆ. ಭಾನುವಾರ ಬೆಳಿಗ್ಗೆ ಕೆಳಗಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳಿದ್ದೇ ನಾಣಿ ಟಿವಿ ಆರಿಸಿ, ಮೆಟ್ಟಿಲ ಬಳಿ ತಟ್ಟೆ ಹಿಡಿದು ನಿಲ್ಲುತ್ತಿದ್ದ. (ಮೈಸೂರಿನ ಮನುಷ್ಯ, ಜೋಳದ ರೊಟ್ಟಿಗೆ ಕಾಯುವುದೆಂದರೆ ಮತಾಂತರವೇ ಸರಿ.) "ಅಂಕಲ್, ಇನ್ನಾ ಬೆಂದಿಲ್ರೀ!" ಎಂದು ಅವಳು ಕೆಳಗಿಂದ ಕೂಗಬೇಕು. "ಹಸಿದೇ ಕೊಡಮ್ಮ, ತಿಂತೀನಿ" ಎಂದು ಇವನು ಮೇಲಿಂದ ಕೂಗಬೇಕು. ಹೀಗೆ ನಡೆದಿತ್ತು.

ಮೂರನೆಯ ಬೋರ್ಡು ಬಂದ ದಿನ ನಾನು ಅಲ್ಲಿಯೇ ಇದ್ದೆ. ತಂದವರು ಪಕ್ಷೇತರ ಅಭ್ಯರ್ಥಿಯೊಬ್ಬರ ಕಡೆಯವರು. ಬಿಳಿಯರಲ್ಲ, ನಮ್ಮ ಹಾಗೇ ಸೂಟ್‌ಕೇಸು ಹಿಡಿದು ಬಂದಿಳಿದ ದೇಸಿ ಮನುಷ್ಯ. ಕಾಫಿ ಹೀರುತ್ತ ಹಿಂದಿ, ಇಂಗ್ಲಿಷು ಕಲಸಿ ಹೇಳಿದರು. "ನಾವೆಲ್ಲ ಮೆಹನತ್ ಮಾಡಿ ಮೇಲೆ ಬಂದವರು, ಭಾಯಿಸಾಬ್. ಈಗ ಬಂದಿರುವ ಸ್ಟೂಡೆಂಟುಗಳನ್ನು ನೋಡಿ. ಮನೆ ಬಾಡಿಗೆ ಏರಿದ್ದು ಇವರಿಂದ. ಡಾಕ್ಟರು ಸಿಗದಿರುವುದು ಇವರಿಂದ. ನಮ್ಮ ಹೆಸರು ಕೆಡಿಸಿದ್ದೂ ಇವರೇ."

ನಾಣಿ ತಲೆಯಾಡಿಸಿದ. "ಹಾಂ, ಹಾಂ, ಸಹೀ ಹೈ."

ಅದು ಒಪ್ಪಿಗೆಯೇ? ಅಲ್ಲವೇ ಅಲ್ಲ. ನಮ್ಮಲ್ಲಿ ಅತಿಥಿ ಕಾಫಿ ಕುಡಿಯುವಾಗ ಎದುರಾಡುವುದಿಲ್ಲ. ಮಳೆ ಕೆಂಪಗಿದೆ ಎಂದರೂ ಹೌದೌದು ಎನ್ನುತ್ತೇವೆ. ಆದರೆ ಆಗಲೇ ಅಕ್ಷತಾ ಶಿಫ್ಟ್ ಮುಗಿಸಿ ಬಂದಳು. ಹೆಗಲಲ್ಲಿ ಊಟದ ಚೀಲ, ಕಾಲಲ್ಲಿ ಗೋದಾಮಿನ ಭಾರದ ಬೂಟು. ಚಳಿಯಲ್ಲಿ ಬಸ್ಸಿಗೆ ಕಾದದ್ದಕ್ಕೆ ಮೂಗು ಕೆಂಪಾಗಿತ್ತು. ತೆರೆದಿದ್ದ ಮುಂಬಾಗಿಲಿನ ಬಳಿ ಒಂದು ಕ್ಷಣ ನಿಂತಳು. "ಹಾಯ್ ಅಂಕಲ್" ಅಂದಳು. ಪಕ್ಕದ ಬಾಗಿಲಿನಿಂದ ಕೆಳಗಿಳಿದು ಹೋದಳು.

ಬಂದವರು ಬೋರ್ಡು ನೆಟ್ಟು ಕೈ ಮುಗಿದು ಹೋದರು. ಸರಿಯಾಗಿ ಬೇಸ್‌ಮೆಂಟಿಗೆ ಹೋಗುವ ಕಾಲುದಾರಿಯ ಪಕ್ಕದಲ್ಲಿ.

ಆ ಶುಕ್ರವಾರ ಅವಳು ಊಟಕ್ಕೆ ಬರಲಿಲ್ಲ. "ಶಿಫ್ಟ್ ಐತ್ರೀ ಆಂಟಿ" ಎಂದು ಮೆಸೇಜು. ಮುಂದಿನ ಶುಕ್ರವಾರವೂ ಅದೇ. ಭಾನುವಾರ ಕೆಳಗೆ ಸದ್ದಿಲ್ಲ. ನಾಣಿ ತಟ್ಟೆ ಹಿಡಿದು ನಿಂತು, ಸ್ವಲ್ಪ ಹೊತ್ತು ಕಾದು, ಬ್ರೆಡ್ಡು ತಿಂದನಂತೆ. ಆಮೇಲೊಂದು ದಿನ ಅವಳೇ ಮೇಲೆ ಬಂದು, ಏರ್‌ಪೋರ್ಟ್ ಆಚೆಯ ರೆಕ್ಸ್‌ಡೇಲಲ್ಲಿ ಗೆಳತಿಯರ ಜೊತೆ ರೂಮು ನೋಡಿದ್ದೇನೆ, ತಿಂಗಳ ಕೊನೆಗೆ ಹೊರಡುತ್ತೇನೆ ಎಂದಳು.

ವಿಮಲ ನನಗೆ ಫೋನು ಮಾಡಿದಳು. "ನಮ್ಮಿಂದ ಏನು ತಪ್ಪಾಯ್ತು ಅಂತ ಕೇಳಿ. ಉಪ್ಪು ಖಾರ ಹೆಚ್ಚಾಯ್ತಾ, ಮಾತು ಹೆಚ್ಚಾಯ್ತಾ? ನಾವು ಕೇಳಿದ್ರೆ ನಕ್ಬಿಡ್ತಾಳೆ. ನೀವಾದ್ರೆ ಮಾತಾಡಿಸ್ತೀರಿ."

ಹೋದೆ. ಬೇಸ್‌ಮೆಂಟಿನಲ್ಲಿ ಅರ್ಧ ಕಟ್ಟಿದ ಪೆಟ್ಟಿಗೆಗಳು. ಕುರ್ಚಿ ಖಾಲಿ ಮಾಡಿ ಕೂರಿಸಿದಳು. ಚಹಾ ಮಾಡಿದಳು. ಹವಾಮಾನ, ಗದಗದ ಮಿರ್ಚಿ ಎಲ್ಲ ಆಯಿತು. ಕೊನೆಗೆ ಕೇಳಿಯೇಬಿಟ್ಟೆ.

ಅವಳು ಲೋಟ ನೋಡುತ್ತ ಹೇಳಿದಳು. "ಅಂಕಲ್ ಕೆಟ್ಟೋರಲ್ರೀ, ನಂಗೊತ್ತೈತಿ. ಈ ಓಣ್ಯಾಗ ಬ್ಯಾರೆ ಮನಿ ಮುಂದನೂ ಆ ಬೋರ್ಡ್ ಐತಿ. ನಾ ತಲಿ ಕೆಡಿಸ್ಕೊಂಡಿಲ್ಲ. ಬಸ್ಸಿನ್ಯಾಗ ಅಂತಾರ, ಕೆಲಸದಾಗ ಅಂತಾರ, ಫೋನ್ ತಗದ್ರ ಅದ್ರಾಗೂ ಅಂತಾರ. ಅನ್ಲಿ. ಇಲ್ಲಿ ಬಂದು ಬೂಟ್ ಬಿಚ್ಚಿದ ಮ್ಯಾಲೆ ಯಾರೂ ಅನ್ನಂಗಿಲ್ಲ ಅನ್ಕೊಂಡಿದ್ದೆ."

ಲೋಟ ಕೆಳಗಿಟ್ಟು, "ದಿನಾ ಅದನ್ನ ಓದ್ಕೋತ ಒಳಗ ಬರಾಕ ಆಗವಲ್ದು ರೀ" ಎಂದಳು.

ನಾನು ಮೇಲೆ ಬರುವ ಬದಲು ಹೊರಗೆ ಹೋದೆ. ಕಾಲುದಾರಿಯಲ್ಲಿ ಬೀದಿಯಿಂದ ಮನೆ ಕಡೆಗೆ, ಅವಳು ಬರುವ ಹಾಗೆ ನಡೆದು ಬಂದೆ. ಆಗ ಓದಿದೆ. ದಪ್ಪ ಇಂಗ್ಲಿಷ್ ಅಕ್ಷರ: 'ಬಂದವರು ಸಾಕು. ಬಾಗಿಲು ಮುಚ್ಚೋಣ.'

ಮನೆಯ ಕಿಟಕಿಯಿಂದ ನೋಡಿದರೆ ಕಾಣುವುದು ಬೋರ್ಡಿನ ಅಂಚು ಮಾತ್ರ. ಅದನ್ನು ಓದಬೇಕಾದವರು ಹೊರಗಿನಿಂದ ಬರುವವರು.

ನಾಣಿಗೆ ಹೇಳಿದೆ. ಅವನ ಮುಖದ ಬಣ್ಣ ಇಳಿಯಿತು. "ನಾನು ಓದ್ಲೇ ಇಲ್ವಲ್ಲೋ" ಅಂದ. ಜಾಕೆಟ್ಟೂ ಹಾಕದೆ ಹೊರಗೆ ಓಡಿ ಮೂರೂ ಬೋರ್ಡು ಕಿತ್ತು ಗ್ಯಾರೇಜಿನಲ್ಲಿ ಎಸೆದ. ಪಾಪ, ಉಳಿದೆರಡು ಏನು ಮಾಡಿದ್ದವು? ಆಮೇಲೆ ಕೆಳಗೆ ಹೋಗಿ ಬಾಗಿಲು ತಟ್ಟಿದ. ಏನು ಹೇಳಿದನೋ ಗೊತ್ತಿಲ್ಲ. ಮೇಲೆ ಬಂದಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದ. "ಗೆಳತಿಯರಿಗೆ ಮಾತು ಕೊಟ್ಬಿಟ್ಟಿದಾಳಂತೆ. 'ಬ್ಯಾಸರ ಮಾಡ್ಕೋಬ್ಯಾಡ್ರಿ' ಅಂತ ನಂಗೇ ಸಮಾಧಾನ ಹೇಳ್ತಾಳೆ ಕಣೋ."

ನೋಡಿ, ಸಿಟ್ಟು ನನಗೂ ಇದೆ. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರಿಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಹಲ್ಲು ಕಡಿದಿದ್ದೇನೆ. ಗೆಳೆಯರ ಮಕ್ಕಳು ಇಬ್ಬರೂ ದುಡಿದರೂ ಒಂದು ಮನೆ ಕೊಳ್ಳಲಾರದೆ ಒದ್ದಾಡುವುದನ್ನು ಕಂಡಿದ್ದೇನೆ. ಆದರೆ ಜನ ಬದುಕುವ ಬೆಲೆಯ ಮನೆ ಕಟ್ಟದೆ, ಹೂಡಿಕೆಗೆಂದೇ ಕಾಂಡೋ ಫ್ಲಾಟು ಕಟ್ಟಿಸಿದ್ದು ಅಕ್ಷತಾಳೇ? ಆಸ್ಪತ್ರೆಗೆ ಬೇಕಾದಷ್ಟು ನರ್ಸುಗಳನ್ನು ಇಟ್ಟುಕೊಳ್ಳದವಳು ಅವಳೇ? ಬನ್ನಿ ಬನ್ನಿ ಎಂದು ಅವಳ ಊರಿನವರೆಗೂ ಜಾಹೀರಾತು ಕಳಿಸಿದ್ದು ಇಲ್ಲಿಯ ಕಾಲೇಜುಗಳು. ವೀಸಾ ಒತ್ತಿದ್ದು ಇಲ್ಲಿಯ ಸರ್ಕಾರ. ಬೆಳಗಿನ ಶಿಫ್ಟಿಗೆ ಇಂಥ ಕೈಗಳೇ ಬೇಕೆಂದದ್ದು ಇಲ್ಲಿಯ ಗೋದಾಮುಗಳು. ಎಲ್ಲರೂ ಸೇರಿ ಕರೆದರು. ಲೆಕ್ಕಾಚಾರ ತಪ್ಪಿದಾಗ, ಕರೆದವರ ಕಡೆ ಯಾರೂ ಬೆರಳು ತೋರಿಸಲಿಲ್ಲ. ಬಂದವಳ ಕಡೆ ತೋರಿಸಿದರು. ಅದು ಸುಲಭ. ಅವಳಿಗೆ ಓಟಿಲ್ಲವಲ್ಲ!

ಅದಕ್ಕಿಂತ ನೋಯುವುದು ಇನ್ನೊಂದು. ಆ ಬೋರ್ಡು ಹೊತ್ತು ತಂದವರು ನಮ್ಮವರು. ಮೊನ್ನೆ ನಮ್ಮ ಕನ್ನಡ ಸಂಘದ ಊಟದಲ್ಲೂ ಇದೇ ಮಾತು ಕೇಳಿದೆ. "ಈ ಸ್ಟೂಡೆಂಟ್ಸ್ ಬಂದ್ಮೇಲೆ ಕೆನಡಾ ಕೆಟ್ಹೋಯ್ತು ಸಾರ್." ಹೇಳಿದವರು ಬಿಸಿಬೇಳೆ ಬಾತಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಸೌಟು ಹಿಡಿದು ಬಡಿಸುತ್ತಿದ್ದವನು ಅಂಥವನೇ ಒಬ್ಬ ಸ್ಟೂಡೆಂಟು. ನಾವು ಬಂದಾಗ ನಮ್ಮನ್ನೂ ಯಾರೋ ಹೀಗೇ ಅಂದಿದ್ದರಲ್ಲ? ಮರೆತೆವೇ?

ಅಕ್ಷತಾ ಹೊರಟ ದಿನ ಮಧ್ಯಾಹ್ನ ವಿಮಲ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು ಬಂದಳು.

"ಮಡಿಲು ತುಂಬೋದು ಮದುವೆಯಾದವರಿಗಲ್ವೇನೆ?" ನಾಣಿ ಮೆಲ್ಲಗೆ ಕೇಳಿದ.

"ಮನೆ ಮಗಳು ಹೊರಟಿದಾಳೆ. ಸುಮ್ನಿರಿ ನೀವು."

ಸೀರೆಯಿಲ್ಲ, ಸೆರಗೆಲ್ಲಿಂದ ಬರಬೇಕು? ಹುಡುಗಿ ಚಳಿಗಾಲದ ಜಾಕೆಟ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಒಡ್ಡಿ ನಿಂತಳು. ಆ ಜಾರುವ ಬಟ್ಟೆಯಲ್ಲಿ ಅಕ್ಕಿ ನಿಲ್ಲಲಿಲ್ಲ. ಅರ್ಧ ಬಾಗಿಲ ಬಳಿಯ ಮ್ಯಾಟಿನ ಮೇಲೆ ಚೆಲ್ಲಿತು. ವಿಮಲ ಕುಂಕುಮ ಇಟ್ಟಳು.

ಗೆಳತಿಯರ ಕಾರು ಬಂತು. ಅಕ್ಷತಾ ಮೆಟ್ಟಿಲಿಳಿದು, ನಮ್ಮಲ್ಲಿ ಹೊರಡುವವರೆಲ್ಲ ಹೇಳುವ ಮಾತನ್ನೇ ಹೇಳಿದಳು.

"ಥಂಡಿ ಐತ್ರೀ ಅಂಕಲ್, ಬಾಗಲಾ ಹಾಕ್ಕೋರಿ."

ನಾಣಿ ಹಾಕಲಿಲ್ಲ. ಕಾರು ತಿರುವು ದಾಟಿದ ಮೇಲೂ ಚಿಲಕ ಹಿಡಿದು ನಿಂತೇ ಇದ್ದ. ಹೀಟಿಂಗ್ ಹಾಕಿರುವಾಗ ಬಾಗಿಲು ತೆರೆದಿಟ್ಟರೆ ಸಿಡುಕುವ ವಿಮಲ ನೆಲದ ಮೇಲೆ ಕೂತು ಅಕ್ಕಿ ಕಾಳು ಆಯುತ್ತಿದ್ದಳು.

ಓದುಗರೇ, ಬೀದಿಯ ಕಡೆಯಿಂದ ನಡೆದು ಬಂದು, ನಿಮ್ಮ ಮನೆ ಮುಂದೆ ಏನು ಬರೆದಿದೆ ಎಂದು ಓದಿದ್ದೀರಾ?