ಓನರ್ ಆಂಟಿ ಡಿಜೆ ಪೆಟ್ಟಿಗೆ ಕೊಂಡಿದ್ದು

ಓನರ್ ಆಂಟಿಯ ನೆತ್ತಿಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಕೂದಲು ಸವೆದು ಕಾಲುದಾರಿಯಂಥ ಗೆರೆಯೊಂದು ಬಿದ್ದಿತ್ತು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಅದು ಮುಚ್ಚುತ್ತಿರಲಿಲ್ಲ. ಹತ್ತಿರದ ಸರ್ಕಾರಿ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸರ್ವೀಸು ಪೂರ್ತಿ ಹೆಡ್‌ಸೆಟ್ ಹಾಕಿಕೊಂಡು ಕೂತವರು ಅವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಆ ಗುರುತು ಹೋಗಿರಲಿಲ್ಲ.

ಜೀವನ್ ಬಿಮಾ ನಗರದ ಅವರ ಮನೆಯ ಮಹಡಿಯಲ್ಲಿದ್ದ ಒಂಟಿ ಕೋಣೆಗೆ ನಾನು ಬಾಡಿಗೆಗೆ ಬಂದೆ. ನನ್ನ ಊರು ಲಿಂಗಸುಗೂರು ಕಡೆ. ಕೆಲಸ ಇಂದಿರಾನಗರದ ಕನ್ನಡಕದ ಅಂಗಡಿಯಲ್ಲಿ. ವಾರದ ರಜೆ ಮಂಗಳವಾರ. ಊರಿಗೆಲ್ಲ ರಜೆ ಇದ್ದಾಗ ನಾನು ಕೌಂಟರಿನಲ್ಲಿ ನಿಂತಿರುತ್ತಿದ್ದೆ. ನನಗೆ ರಜೆ ಬಂದಾಗ ಬೀದಿಯಲ್ಲಿ ಯಾರೂ ಇರುತ್ತಿರಲಿಲ್ಲ. ಅಂಗಡಿಯಲ್ಲಿ ನನ್ನ ಮಾತು ಕೇಳಿ ಒಬ್ಬಿಬ್ಬರು ನಕ್ಕಿದ್ದರಿಂದ ಇಲ್ಲಿಯವರ ಹಾಗೆ ಮಾತಾಡಲು ಕಲಿತಿದ್ದೆ. ಆಂಟಿಯ ಹತ್ತಿರವೂ ಅದನ್ನೇ ಆಡಿದೆ. ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ನನ್ ಹತ್ರ ಇದೆಲ್ಲ ಬೇಡ ಕಣಮ್ಮ. ನಿಮ್ಮನೇಲಿ ಹೆಂಗ್ ಮಾತಾಡ್ತೀಯೋ ಹಂಗೇ ಮಾತಾಡು. ನಂಗೆ ಎಲ್ಲಾ ಊರಿನ ಕನ್ನಡಾನೂ ಕೇಳಿ ಅಭ್ಯಾಸ" ಅಂದರು. ಅವತ್ತಿನಿಂದ ನನ್ನ ರಜೆಯ ದಿನ ಮಧ್ಯಾಹ್ನದ ಕಾಫಿ ಅವರ ಮನೆಯಲ್ಲೇ.

ಅವರು ಮದುವೆಯಾಗಿರಲಿಲ್ಲ. ಮಾತಾಡುತ್ತಾ ಕೂತವರು ಹಾಲು ಉಕ್ಕಿತೆಂದು ಎದ್ದು ಹೋಗುವಾಗ, "ಲೈನಲ್ಲಿರು" ಎಂದು ಹೇಳಿಯೇ ಹೋಗುತ್ತಿದ್ದರು. ನಗಿಸಲು ಹೇಳುತ್ತಿದ್ದುದಲ್ಲ, ಬಾಯಿಗೆ ಕೂತುಬಿಟ್ಟಿತ್ತು. ಮನೆಯ ಫೋನು ಮಾತ್ರ ಅಪರೂಪಕ್ಕೆ ಬಡಿದುಕೊಳ್ಳುತ್ತಿತ್ತು. ಒಂದು ಕಾಲಕ್ಕೆ ಕಾರ್ಖಾನೆಯ ಪ್ರತಿ ಕರೆಯೂ ಅವರನ್ನು ದಾಟಿಯೇ ಹೋಗಬೇಕಿತ್ತು ಎಂಬುದನ್ನು ನೆನೆದರೆ ನನಗೆ ಒಂಥರಾ ಆಗುತ್ತಿತ್ತು.

ಎಕ್ಸ್‌ಚೇಂಜಿನ ಹೆಂಗಸರು ವರ್ಷಕ್ಕೊಮ್ಮೆ ಹಲಸೂರಿನ ಒಂದು ಸಣ್ಣ ಹಾಲ್‌ನಲ್ಲಿ ಸೇರುತ್ತಿದ್ದರು. ಒಂದು ವರ್ಷ ಅಲ್ಲಿಂದ ಆಂಟಿ ಮುಖ ಸಣ್ಣದು ಮಾಡಿಕೊಂಡು ಬಂದರು. ಯಾರೋ ಡಿಜೆ ಹುಡುಗನನ್ನು ಕರೆಸಿದ್ದರಂತೆ. ಅವನ ಅಬ್ಬರಕ್ಕೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸಲಿಲ್ಲವಂತೆ. ತಮ್ಮ ಕಾಲದ ಒಂದು ಹಾಡು ಹಾಕಪ್ಪ ಎಂದು ಹೋಗಿ ಕೇಳಿದರೆ ಅವನು ತಿರುಗಿಯೂ ನೋಡಲಿಲ್ಲವಂತೆ. ಇಷ್ಟು ಹೇಳಿ, ಸೀರೆಯ ಸೆರಗು ಬಿಗಿದುಕೊಂಡು, "ಒಂದು ಹಾಡು ಮುಗೀತಿದ್ದಂಗೆ ಇನ್ನೊಂದು ಬಂದು ಮೆತ್ತಗೆ ಕೂತ್ಕೋಬೇಕು. ಅಷ್ಟೇ ತಾನೆ? ಮುಂದಿನ್ಸಲ ನಾನೇ ಹಾಕ್ತೀನಿ" ಅಂದರು.

ನಾನು ಸುಮ್ಮನೆ ಹೇಳಿದ ಮಾತು ಅಂದುಕೊಂಡೆ. ಮುಂದಿನ ಮಂಗಳವಾರ ಹೋದರೆ ಟ್ಯಾಬ್ ಮುಂದಿಟ್ಟುಕೊಂಡು ಡಿಜೆ ಕಂಟ್ರೋಲರ್‌ಗಳ, ಅಂದರೆ ಹಾಡಿಗೆ ಹಾಡು ಜೋಡಿಸುವ ಪೆಟ್ಟಿಗೆಗಳ, ವಿಡಿಯೋ ನೋಡುತ್ತಿದ್ದರು. ಲ್ಯಾಪ್‌ಟಾಪ್ ತನಗೆ ಬಾರದು, ಇರುವ ಟ್ಯಾಬ್‌ಗೇ ಹೊಂದಬೇಕು ಎಂಬುದು ಮೊದಲ ಷರತ್ತು. ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಹಿಡಿಸಬೇಕು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುವಷ್ಟು ಹಗುರವಿರಬೇಕು, ಪೆನ್ಷನ್ನಿಗೆ ಭಾರವಾಗಬಾರದು.

ಇಬ್ಬರೂ ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರುಕಟ್ಟೆಯ ಆಚೆ ಸಂಗೀತದ ಸಾಮಾನು ಮಾರುವ ಅಂಗಡಿಯೊಂದಿತ್ತು. ಅಂಗಡಿಯವನು ದೀಪಗಳು ಮಿನುಗುವ ದೊಡ್ಡದೊಂದನ್ನು ಎತ್ತಿಟ್ಟು, "ಯಾರಿಗೆ ಮೇಡಂ, ಮೊಮ್ಮಗನಿಗಾ?" ಅಂದ.

"ನಂಗೇ" ಅಂದರು ಆಂಟಿ.

ಅವನು ಆ ದೊಡ್ಡದನ್ನು ಒಳಗಿಟ್ಟು ಸಣ್ಣವನ್ನು ತಂದ. ಎಲ್ಲಕ್ಕಿಂತ ಅಗ್ಗದ್ದರಲ್ಲಿ ಹೆಡ್‌ಫೋನಿನ ತೂತೇ ಇರಲಿಲ್ಲ. ಮುಂದಿನ ಹಾಡನ್ನು ಮೊದಲು ತಾನೊಬ್ಬಳೇ ಕೇಳಿಕೊಳ್ಳಬೇಕಲ್ಲ ಎಂದು ಆಂಟಿ ಅದನ್ನು ಪಕ್ಕಕ್ಕೆ ಸರಿಸಿದರು. ಇನ್ನೊಂದು ಚೆನ್ನಾಗಿತ್ತು, ಆದರೆ ಲ್ಯಾಪ್‌ಟಾಪ್ ಇಲ್ಲದೆ ನಡೆಯುತ್ತಿರಲಿಲ್ಲ. ಮೂರನೆಯದು ಟ್ಯಾಬ್‌ನಿಂದಲೇ ಕರೆಂಟು ಎಳೆದುಕೊಳ್ಳುತ್ತಿತ್ತು. ಹಾಗಾದರೆ ಟ್ಯಾಬ್ ಎಷ್ಟು ಹೊತ್ತು ಬಾಳುತ್ತದೆ ಎಂದು ಕೇಳಿದಾಗ ಅಂಗಡಿಯವನು ಪ್ರಾಮಾಣಿಕವಾಗಿಯೇ, ಜಾಸ್ತಿ ಹೊತ್ತು ಬರಲ್ಲ ಅಂದ. ಕೊನೆಗೆ ಸಿಕ್ಕಿದ್ದು ಹಾಡನ್ನು ಹಿಂದೆ ಮುಂದೆ ತಿರುಗಿಸುವ ಎರಡು ಪುಟ್ಟ ಚಕ್ರಗಳ, ಬೇರೆ ಚಾರ್ಜರ್ ಹಾಕಬಹುದಾದ, ಟ್ಯಾಬ್ ನಿಲ್ಲಿಸಲು ಹಿಂದೆ ಒಂದು ಸೀಳು ಇದ್ದ ಕಪ್ಪು ಪೆಟ್ಟಿಗೆ. ಆಂಟಿ ತಮ್ಮ ಟ್ಯಾಬನ್ನು ಚೀಲದಿಂದ ತೆಗೆದು, ಅಲ್ಲೇ ಜೋಡಿಸಿ, ಎರಡು ಹಾಡು ಕೇಳಿಯೇ ಕೊಂಡರು. ಬೆರಳಿನ ಗಂಟು ನೋಯುತ್ತಿದ್ದುದರಿಂದ ಚಕ್ರವನ್ನು ಅಂಗೈಯಿಂದ ತಿರುಗಿಸಿದರು.

ಆಮೇಲೆ ತಿಂಗಳುಗಟ್ಟಲೆ ಅಭ್ಯಾಸ. ಅಂಗಡಿಯಿಂದ ಬಂದು ಗೇಟು ತೆಗೆಯುವಾಗ ಒಂದು ಹಾಡಿನ ಕೊನೆ, ಇನ್ನೊಂದು ಹಾಡಿನ ಮೊದಲು, ಮತ್ತೆ ಮತ್ತೆ ಕೇಳಿಸುತ್ತಿತ್ತು. ಕಿಟಕಿಯಿಂದ ನೋಡಿದರೆ ಒಂದು ಕಿವಿಗೆ ಹೆಡ್‌ಫೋನ್ ಒತ್ತಿ ಇನ್ನೊಂದು ಕಿವಿಯನ್ನು ಖಾಲಿ ಬಿಟ್ಟುಕೊಂಡು ಕೂತಿರುತ್ತಿದ್ದರು. ಕೆಲಸದಲ್ಲಿ ಇದ್ದಾಗಲೂ ಹೀಗೇ ಇದ್ದರೇನೋ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಎಕ್ಸ್‌ಚೇಂಜಿನ ಹೆಂಗಸರು ಮತ್ತೆ ಸೇರುವ ದಿನ ನಾನು ರಜೆ ಹಾಕಿ ಸ್ಪೀಕರ್ ಹೊತ್ತುಕೊಂಡು ಜೊತೆಗೆ ಹೋದೆ. ಹಾಲ್‌ನಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿಸಿದ್ದರು. ಫೋನುಗಳು ಬರತೊಡಗಿದವು. ಒಬ್ಬರಿಗೆ ಮಂಡಿ ನೋವು, ಒಬ್ಬರ ಮೊಮ್ಮಗಳಿಗೆ ಪರೀಕ್ಷೆ, ಕೆ.ಆರ್. ಪುರದವರಿಗೆ ಕರೆತರುವವರಿಲ್ಲ. ಪ್ರತಿಯೊಬ್ಬರಿಗೂ ಆಂಟಿ "ಪರವಾಗಿಲ್ಲ ಬಿಡಿ" ಅನ್ನುತ್ತಿದ್ದರು. ಬಂದವರು ಮೂರು ಜನ. ನನಗೆ ತಡೆಯಲಾಗಲಿಲ್ಲ. ನಾಲ್ಕೈದು ಹಾಡು ಹಾಕಿ ಸಾಕು ಮಾಡ್ರಿ ಆಂಟಿ, ಅಂದೆ.

ಅವರು ವೈರು ಸಿಕ್ಕಿಸುತ್ತಲೇ, "ಬಂದಿರೋರಿಗೆ ಯಾಕೆ ಕಮ್ಮಿ ಮಾಡ್ಲಿ?" ಅಂದರು.

ಒಂದನ್ನೂ ಬಿಡದೆ ಅಷ್ಟನ್ನೂ ಹಾಕಿದರು. ಜೋರಾಗಿಯಲ್ಲ, ಆ ಮೂವರೂ ಮಾತಾಡಿಕೊಳ್ಳುವಷ್ಟು, ಮಾತು ನಿಲ್ಲಿಸಿದಾಗ ಹಾಡಿಕೊಳ್ಳುವಷ್ಟು. ಗಂಡನನ್ನು ಕಳೆದುಕೊಂಡು ವರ್ಷವಾಗಿರದ ಒಬ್ಬರು ಎದ್ದು, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ನಿಂತಲ್ಲೇ ಹೆಜ್ಜೆ ಹಾಕಿದರು. ಆಂಟಿ ತಲೆ ಎತ್ತಿ ಅವರನ್ನು ನೋಡಿದರು, ಆ ಹಾಡು ಮುಗಿಯಲು ಬಿಡದೆ ಮತ್ತೆ ಹಿಂದಕ್ಕೆ ತಿರುಗಿಸಿದರು.

ವಾಪಸು ಬರುವಾಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಟಿ ಹೊರಗೇ ನೋಡುತ್ತಿದ್ದರು. ಮನೆ ಹತ್ತಿರ ಬಂದಾಗ, ಮುಂದಿನ ವರ್ಷ ಇವರಾದರೂ ಬರುತ್ತಾರೋ ಇಲ್ಲವೋ ಅಂದರು.

ಮುಂದಿನ ವರ್ಷದ ಹೊತ್ತಿಗೆ ಅವರೇ ಇರಲಿಲ್ಲ. ನಾನು ಅಂಗಡಿಯಲ್ಲಿದ್ದಾಗ ಎದೆ ನೋವು ಬಂದು, ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸುವುದರೊಳಗೆ ಮುಗಿದುಹೋಗಿತ್ತು. ಮೈಸೂರಿನಿಂದ ಬಂದ ಅವರ ತಂಗಿಯ ಮಗಳು ಮನೆ ಖಾಲಿ ಮಾಡಿಸಿದಳು. ಟ್ಯಾಬ್‌ನ ಲಾಕ್ ಯಾರಿಗೂ ತಿಳಿದಿರಲಿಲ್ಲ. ಆಂಟಿ ಜೋಡಿಸಿದ್ದ ಹಾಡುಗಳೆಲ್ಲ ಅದರೊಳಗೇ ಉಳಿದವು. ಕಪ್ಪು ಪೆಟ್ಟಿಗೆಯನ್ನು ಆಟಿಕೆ ಅಂದುಕೊಂಡು, ಬೇಕಾದರೆ ತಗೊಳ್ಳಿ ಎಂದು ನನಗೆ ಕೊಟ್ಟಳು.

ನಾನು ರಾಮಮೂರ್ತಿ ನಗರದ ಒಂದು ರೂಮಿಗೆ ಬಂದೆ. ಹಳೆಯ ಟ್ಯಾಬ್ ಒಂದನ್ನು ಕೊಂಡು, ತಡವರಿಸುತ್ತಾ ಕಲಿತೆ. ಒಂದು ದಿನ, ಕುರ್ಚಿ ಹಿಡಿದು ಕುಣಿದಿದ್ದ ಆ ಗೆಳತಿಯ ಫೋನು ಬಂತು. ಹೋದ ಸಲ ಬಂದಿದ್ದ ಮೂವರಲ್ಲಿ ಈ ಸಲ ನಾವಿಬ್ಬರೇ, ಹಾಲ್ ಬೇಡ, ನಮ್ಮ ಮನೆಗೇ ಬರ್ತೀಯಾ ಎಂದು ಕೇಳಿದರು. ಹೋದೆ. ಆಂಟಿ ಹಾಕುತ್ತಿದ್ದ ಹಾಡುಗಳಲ್ಲಿ ನೆನಪಿದ್ದಷ್ಟನ್ನು ಹಾಕಿದೆ. ಆಮೇಲೆ ಏನು ಬರುತ್ತಿತ್ತೆಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅಲ್ಲಿಂದಾಚೆ ನಮ್ಮ ಕಡೆಯ ಹಾಡುಗಳನ್ನು ಹಾಕಿದೆ. ಅವರಿಬ್ಬರೂ ಪೂರ್ತಿ ಕೂತು ಕೇಳಿದರು.

ಈ ಊರಿನಲ್ಲಿ ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟಬಹುದಾದ ಎರಡು ಮನೆಗಳು ಈಗ ನನಗಿವೆ. ಎರಡನ್ನೂ ಆಂಟಿಯೇ ಕೊಟ್ಟು ಹೋದರು. ಅವರ ಮನೆಯಿದ್ದ ಬೀದಿಗೆ ಮಾತ್ರ ನಾನು ಇನ್ನೂ ಹೋಗಿಲ್ಲ.