ಹೂವಿನ ಬುಟ್ಟಿಯ ಹಿಂದೆ ಕೂತವಳು

ಹಡಗಲಿಯಲ್ಲಿ ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ, ಮಲ್ಲಿಗೆಯ ಕಾಲ ಬಂತೆಂದರೆ, ಮಧ್ಯಾಹ್ನದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಬೆಳಗ್ಗೆ ತೋಟಗಳಲ್ಲಿ ಬಿಡಿಸಿ ತಂದ ಮೊಗ್ಗನ್ನು ಒದ್ದೆ ಬಟ್ಟೆಯ ಮೇಲೆ ಹರಡಿರುತ್ತಾರೆ. ಸುತ್ತ ಓಣಿಯ ಹೆಂಗಸರು ಕೂತು ದಾರಕ್ಕೆ ಕಟ್ಟುತ್ತಾರೆ. ಸಂಜೆ ಹರಪನಹಳ್ಳಿ ಹಾದು ದಾವಣಗೆರೆಗೆ ಹೋಗುವ ಬಸ್ಸು ಬರುವಷ್ಟರಲ್ಲಿ ಮೊಗ್ಗೆಲ್ಲ ಮಾಲೆಯಾಗಿ, ಬಾಳೆ ಎಲೆಯಲ್ಲಿ ಸುತ್ತಿಕೊಂಡು, ಬುಟ್ಟಿ ಸೇರಿ, ಕಂಡಕ್ಟರನ ಕೈಗೆ ಹೋಗಬೇಕು. ಬುಟ್ಟಿಯ ಜೊತೆ ಯಾರೂ ಹೋಗುವುದಿಲ್ಲ. ಆ ಕಡೆ ಬಸ್ ನಿಲ್ದಾಣದಲ್ಲಿ ಹೂವಿನಂಗಡಿಯವರು ಇಳಿಸಿಕೊಳ್ಳುತ್ತಾರೆ. ಬಸ್ಸು ತಪ್ಪಿತೋ, ಮೊಗ್ಗು ಇಲ್ಲೇ ಅರಳುತ್ತದೆ. ಅರಳಿದ್ದನ್ನು ಕೇಳುವವರಿಲ್ಲ.

ಅಕ್ಕನ ಮನೆಯ ಎಲ್ಲ ಕೆಲಸವೂ ಆ ಬಸ್ಸಿಗೆ ಹೆದರಿಯೇ ನಡೆಯುತ್ತದೆ. ಭಾವ ಲಾರಿ ಓಡಿಸುತ್ತಾರೆ. ಮೆಕ್ಕೆಜೋಳ ತುಂಬಿಕೊಂಡು ಹೋದರೆ ಯಾವಾಗ ತಿರುಗಿ ಬರುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ. ಹೂವು ತರಿಸುವುದು, ಕಟ್ಟಿಸುವುದು, ಕಳಿಸುವುದು, ನಡುವೆ ಅಡುಗೆ, ನೀರು, ಒಬ್ಬಳೇ ಮಗಳ ಶಾಲೆ, ಎಲ್ಲವೂ ಅಕ್ಕನ ಮೇಲೆಯೇ. ಇದು ನಡೆದಾಗ ಮಗಳು ನಾಲ್ಕನೇ ತರಗತಿ. ನಾನು ಅಲ್ಲೇ ಹತ್ತಿರ ಒಂದು ಕೋಣೆ ಹಿಡಿದಿದ್ದೇನೆ. ಊರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುವುದು ನನ್ನ ಕೆಲಸ. ಊಟ ಮಾತ್ರ ಅಕ್ಕನ ಮನೆಯಲ್ಲಿ.

ಚಳಿ ಕಡಿಮೆಯಾಗಿ ಮೊಗ್ಗು ಹೆಚ್ಚು ಬರತೊಡಗಿದ ದಿನಗಳಲ್ಲಿ ಹುಡುಗಿಯ ಟೀಚರು ಅಕ್ಕನನ್ನು ಶಾಲೆಗೆ ಕರೆಸಿದರು. ಅವರು ಬೈಯಲಿಲ್ಲವಂತೆ. ಹುಡುಗಿಗೆ ಓದಲು ಬರುವುದಿಲ್ಲ, ಅಕ್ಷರ ಗೊತ್ತು, ಕೂಡಿಸಲು ಹೋದರೆ ನಿಂತುಬಿಡುತ್ತಾಳೆ, ದಿನವೂ ಮನೆಯಲ್ಲಿ ಯಾರಾದರೂ ಜೊತೆಗೆ ಕೂತು ಓದಿಸಬೇಕು ಎಂದರಂತೆ. ಅಕ್ಕನ ಎದೆಗೆ ತಾಗಿದ್ದು ಅವರ ಕೊನೆಯ ಮಾತು. ರಾತ್ರಿ ಊಟಕ್ಕೆ ಬಡಿಸುತ್ತ ಅದನ್ನು ನನಗೆ ಹಾಗೆಯೇ ಹೇಳಿದಳು.

"ಐದನೇ ಕ್ಲಾಸಿಗೆ ಹೋದ್ರ ಅಲ್ಲಿ ಯಾರೂ ಕುಂದ್ರಿಸಿಕೊಂಡು ಹೇಳಿಕೊಡಂಗಿಲ್ರಿ ಅಂದ್ರಪ. ಹಿಂದಿನ ಸಾಲಿನ್ಯಾಗ ಕುಂತು ಕುಂತು, ಒಂದಿನ ಬರೋದಽ ಬಿಟ್ಟುಬಿಡ್ತಾರಂತ."

ತಾನು ಬಿಟ್ಟದ್ದೂ ಹಾಗೆಯೇ ಎಂದಳು. ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಬಿಡಿಸಿದವರು ಯಾರೂ ಇಲ್ಲ. ಒಂದು ದಿನ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ, ಅಷ್ಟೆ. ಮಗಳು ಹೀಗೆಯೇ ಸದ್ದಿಲ್ಲದೆ ಜಾರಿಹೋಗಿ, ಈ ಒದ್ದೆ ಬಟ್ಟೆಯ ಮುಂದೆ ಬಂದು ಕೂತರೆ ಆಮೇಲೆ ಎಬ್ಬಿಸಲು ಆಗುವುದಿಲ್ಲ ಎನ್ನುವುದೇ ಅವಳ ಭಯ. ನಿನ್ನ ಕಸಬೇ ಓದುವುದಲ್ಲವೇ, ಸಂಜೆ ಒಂದಿಷ್ಟು ಹೊತ್ತು ಕೂತು ಓದಿಸು ಎಂದಳು. ನಾನು ಒಪ್ಪಿಕೊಂಡೆ. ಮುದ್ರಣಾಲಯದ ಮಾಲೀಕರನ್ನು ಕೇಳಿ ಸ್ವಲ್ಪ ಬೇಗ ಬಿಡುವಂತೆ ಮಾಡಿಕೊಂಡೆ.

ಮೊದಲ ದಿನವೇ ತೊಡಕಾಯಿತು. ಹುಡುಗಿ ಶಾಲೆಯಿಂದ ಬರುವ ಹೊತ್ತು ಮತ್ತು ಹೂವಿನ ಅವಸರದ ಹೊತ್ತು ಎರಡೂ ಒಂದೇ. ನಾನು ಪುಸ್ತಕ ತೆಗೆಯುವಷ್ಟರಲ್ಲಿ ಅವಳು ಚೀಲ ಎಸೆದು, ಕೈಕಾಲು ತೊಳೆದು, ಬುಟ್ಟಿಯ ಹಿಂದೆ ಹೋಗಿ ಕೂತಿದ್ದಳು. ದಾರ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಆಗಲೇ ಗೇಣುದ್ದ ಕಟ್ಟಿದ್ದಳು.

ಅವಳು ಕಟ್ಟುವುದನ್ನು ನೋಡಬೇಕು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರ ಒಂದು ಸುತ್ತು ಬಂದು ಒಳಗೆ ನುಸುಳಿ ಬಿಗಿಯುತ್ತದೆ. ಕಣ್ಣು ಎಲ್ಲೋ ಇರುತ್ತದೆ. ಮೊಗ್ಗು ನಲುಗುವುದಿಲ್ಲ, ಮಾಲೆಯಲ್ಲಿ ಸಂದು ಬೀಳುವುದಿಲ್ಲ. ಹೂವನ್ನು ಮಾರಿನ ಲೆಕ್ಕದಲ್ಲಿ ಕಟ್ಟುವುದು ವಾಡಿಕೆ. ಎರಡೂ ತೋಳು ಚಾಚಿದರೆ ಒಂದು ಮಾರು. ಇವಳ ತೋಳು ಗಿಡ್ಡ. ಅದಕ್ಕೆ ಅಕ್ಕ ತನ್ನ ಮಾರಿನ ಅಳತೆಗೆ ಗೋಡೆಯಲ್ಲಿ ಎರಡು ಮೊಳೆ ಹೊಡೆದುಕೊಟ್ಟಿದ್ದಳು. ಹುಡುಗಿ ಒಂದೊಂದು ಮಾಲೆ ಮುಗಿದಾಗಲೂ ಎದ್ದು ಹೋಗಿ, ಮೊಳೆಯಿಂದ ಮೊಳೆಗೆ ಹಿಡಿದು ನೋಡಿ, ಕೈ ಒರೆಸಿಕೊಂಡು ಬಂದು ಕೂರುವಳು. ಹೆಂಗಸರು ಅವಳನ್ನು ಹೊಗಳುತ್ತಿದ್ದರು. ಗ್ಯಾರೇಜಿನವರ ಮನೆಯ ಹೆಂಗಸನ್ನು ಓಣಿಯ ಮಕ್ಕಳೆಲ್ಲ, ಉರ್ದುವಿನಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ, ಖಾಲಾ ಎಂದೇ ಕರೆಯುತ್ತಾರೆ. ಆ ಖಾಲಾ ತಾನು ಕಟ್ಟಿದ್ದನ್ನು ಇವಳ ಮಾಲೆಯ ಪಕ್ಕಕ್ಕಿಟ್ಟು, ನನ್ನದು ಎಮ್ಮಿ ಹಗ್ಗ ಆಗೇತಿ ನೋಡ್ರಿ ಎಂದು ತಾನೇ ನಗುವಳು.

ಪುಸ್ತಕ ಹಿಡಿದು ನಿಂತಿದ್ದ ನನ್ನನ್ನು ಹುಡುಗಿ ತಲೆ ಎತ್ತಿ ನೋಡಿ, "ಮಾಮ, ನಾ ಓದ್ತೀನಿ. ನನ್ನ ಬದ್ಲಿ ನೀ ಕಟ್ತೀಯೇನು?" ಎಂದಳು.

ಆಗಲಿ ಎಂದು ಕೂತೆ. ನಾನು ಕಟ್ಟಿದ ಮೊಗ್ಗು ದಾರ ಎತ್ತಿದ ಕೂಡಲೇ ಮಡಿಲಿಗೆ ಉದುರಿತು. ಇನ್ನೊಮ್ಮೆ ಕಟ್ಟಿದೆ. ಅದೂ ಉದುರಿತು. ಹೆಂಗಸರೆಲ್ಲ ನಕ್ಕರು. ಹೆಣ್ಣು ಕೊಡೋರು ಇದನ್ನ ನೋಡಿದ್ರ ಆತು ನಿನ್ನ ಕತಿ ಎಂದಳು ಖಾಲಾ. ನಾನೂ ನಕ್ಕೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಪುಸ್ತಕ ಆ ದಿನ ತೆರೆಯಲಿಲ್ಲ.

ಹೀಗೇ ದಿನಗಳು ಹೋದವು. ಆಟವಾಡುತ್ತಿದ್ದರೆ ಕರೆದು ಕೂರಿಸಬಹುದು. ಟಿವಿ ನೋಡುತ್ತಿದ್ದರೆ ಆರಿಸಬಹುದು. ತಾಯಿಯ ಕೆಲಸಕ್ಕೆ ಕೈ ಹಚ್ಚಿದ ಮಗುವನ್ನು ಎಬ್ಬಿಸುವುದು ಹೇಗೆ? ಹುಡುಗಿಗೆ ಇದು ಚೆನ್ನಾಗಿ ಗೊತ್ತಿತ್ತೆಂದು ನನಗೆ ತಿಳಿಯಲು ತಡವಾಯಿತು. ಅಕ್ಕ ಒಮ್ಮೊಮ್ಮೆ ಪುಸ್ತಕ ತಗೋ ಎನ್ನುವಳು. ಅದೇ ಉಸಿರಿನಲ್ಲಿ ಗಡಿಯಾರ ನೋಡಿ, ಈ ಒಂದು ಮಾರು ಮುಗಿಸಿಬಿಡು ಎನ್ನುವಳು. ಆ ಕೈಗಳು ಅವಳಿಗೂ ಬೇಕಾಗಿದ್ದವು.

ಭಾನುವಾರ ಬೆಳಗ್ಗೆ, ಮೊಗ್ಗು ಬರುವ ಮೊದಲು, ಹುಡುಗಿ ನನ್ನ ಕೈಗೆ ಸಿಗುತ್ತಿದ್ದಳು. ಕೂತು ಪುಸ್ತಕದ ಮೇಲೆ ಬೆರಳಿಟ್ಟು ಒಂದು ಅಕ್ಷರ ಹೇಳಿ ನಿಲ್ಲುವಳು. ನಾನು ಮುಂದಿನದು ಎನ್ನುವೆ. ಅವಳು ಏನೋ ಒಂದನ್ನು ಊಹಿಸಿ ಹೇಳುವಳು. ಅಲ್ಲ, ಮತ್ತೆ ನೋಡು ಎನ್ನುವೆ. ನನ್ನ ದನಿ ಏರಿರಲಿಲ್ಲ. ಆದರೆ ಕರಡು ತಿದ್ದುವವನ ಅಭ್ಯಾಸ, ಒಂದು ತಪ್ಪನ್ನೂ ದಾಟಿ ಮುಂದೆ ಹೋಗಲು ನನಗೆ ಬರುವುದಿಲ್ಲ. ಒಂದು ಭಾನುವಾರ ಅವಳು ಪುಸ್ತಕವನ್ನು ಬೋರಲು ಹಾಕಿ ಎದ್ದಳು.

"ನೀ ತಪ್ಪು ಹಿಡಿಯಾಕಽ ಕುಂದರ್ತಿ, ಮಾಮ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮದುವೆಗಳ ದಿನಗಳು ಶುರುವಾದವು. ನನಗೂ ಮುದ್ರಣಾಲಯದಲ್ಲಿ ಕೈಗೆ ಬಿಡುವಿಲ್ಲ, ಅಕ್ಕನಿಗಂತೂ ಉಸಿರಾಡಲೂ ಪುರುಸೊತ್ತಿಲ್ಲ. ಹರಪನಹಳ್ಳಿಯ ಕಡೆಯ ಒಂದು ದೊಡ್ಡ ಮದುವೆಗೆ ಮಾಲೆ ಕಳಿಸಬೇಕಿದ್ದ ದಿನ ಟೀಚರು ಅಕ್ಕನಿಗೆ ಫೋನ್ ಮಾಡಿದರು. ತರಗತಿಯಲ್ಲಿ ಎದ್ದು ಓದು ಎಂದರೆ ಹುಡುಗಿ ಎದ್ದು ನಿಂತಳಂತೆ, ಬಾಯಿ ಮಾತ್ರ ತೆರೆಯಲಿಲ್ಲವಂತೆ. ಕೂರು ಎಂದರೂ ಕೂರಲಿಲ್ಲವಂತೆ. ಗಂಟೆ ಹೊಡೆಯುವವರೆಗೆ ನಿಂತೇ ಇದ್ದಳಂತೆ. ಅವರು ಕೇಳಿದ್ದು ಒಂದೇ: ಮನೆಯಲ್ಲಿ ಓದಿಸುತ್ತಿದ್ದೀರಾ?

ನಾನು ಆ ಸಂಜೆ ಹೋದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹುಡುಗಿ ಬಂದು, ಚೀಲ ಇಳಿಸಿ, ಬುಟ್ಟಿಯ ಹಿಂದೆ ಹೋಗಿ ಕೂತಳು. ಅಕ್ಕ ಅವಳ ಮುಂದಿದ್ದ ಮೊಗ್ಗನ್ನು ಬಟ್ಟೆಯ ಸಮೇತ ಎಳೆದು ಆಚೆ ಸರಿಸಿದಳು. ದಾರವನ್ನೂ ಕಿತ್ತುಕೊಂಡಳು.

"ಓದಾಕ ಬರೋತನಕ ಇದನ್ನ ಮುಟ್ಟಂಗಿಲ್ಲ ನೀನು."

ಖಾಲಾ ಮೆತ್ತಗೆ, ಇವತ್ತೊಂದಿನ ಬಿಡವ್ವ, ಇಷ್ಟು ಹೂವು ಐತಿ ಎಂದಳು. ಅಕ್ಕ ಕೇಳಿಸಿಕೊಳ್ಳಲಿಲ್ಲ. ಪುಸ್ತಕ ತಂದು ಹುಡುಗಿಯ ಮಡಿಲಲ್ಲಿಟ್ಟು, ತಾನು ತನ್ನ ಜಾಗದಲ್ಲಿ ಕೂತು ಕಟ್ಟತೊಡಗಿದಳು. ಮೊಗ್ಗು ಸಾಲು ತಪ್ಪುತ್ತಿತ್ತು.

ನಾನು ಹುಡುಗಿಯ ಎದುರಿಗೆ ಕೂತೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಪುಸ್ತಕದ ಕಡೆ ನೋಡಲೂ ಇಲ್ಲ. ಆಮೇಲೆ ನಾನು ಅವಳ ಕೈಗಳನ್ನು ನೋಡಿದೆ. ಪುಸ್ತಕದ ಮೇಲಿದ್ದ ಆ ಎರಡು ಕೈಗಳ ಬೆರಳು ಆಡುತ್ತಿದ್ದವು. ಎಡಗೈಯ ಎರಡು ಬೆರಳು ಇಲ್ಲದ ಮೊಗ್ಗನ್ನು ಹಿಡಿದಿದ್ದವು. ಬಲಗೈ ಇಲ್ಲದ ದಾರವನ್ನು ಸುತ್ತಿ, ನುಸುಳಿಸಿ, ಬಿಗಿಯುತ್ತಿತ್ತು. ಮತ್ತೆ ಹಿಡಿಯುವುದು, ಮತ್ತೆ ಸುತ್ತುವುದು. ಅವಳಿಗೆ ಅದರ ಅರಿವೇ ಇದ್ದಂತಿರಲಿಲ್ಲ. ಇದನ್ನು ಬರೆಯುವಾಗಲೂ ಆ ಬೆರಳುಗಳು ನನ್ನ ಕಣ್ಣ ಮುಂದೆ ಬರುತ್ತವೆ, ಬರೆಯುವುದನ್ನು ನಿಲ್ಲಿಸಬೇಕಾಗುತ್ತದೆ. ಪುಟ್ಟ ಮಗುವಿನ ಮೈಯಲ್ಲಿ ನಾನು ಅಂಥ ಹೆದರಿಕೆಯನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಕ್ಕನೂ ನೋಡಿದಳು. ಅವಳ ಕೈಯ ದಾರ ನಿಂತಿತು.

"ಏನಾತ ನನ್ನವ್ವ?" ಎಂದಳು.

ಹುಡುಗಿ ಯಾರನ್ನೂ ನೋಡದೆ ಹೇಳಿದಳು: "ನನಗ ಬರೋದು ಇದೊಂದಽ, ಅವ್ವ."

ಅಕ್ಕ ಎದ್ದು ಬಂದಳು. ಸರಿಸಿಟ್ಟ ಬಟ್ಟೆಯನ್ನು ಎಳೆದು ಮಗಳ ಮುಂದೆ ತಂದಿಟ್ಟಳು. ದಾರ ಕೊಟ್ಟಳು. ಅಲ್ಲಿಗೆ ಇದು ಮುಗಿಯಿತು, ಹುಡುಗಿ ಗೆದ್ದಳು, ಅಕ್ಕ ಸೋತಳು, ಇನ್ನು ಆ ಪುಸ್ತಕ ಈ ಮನೆಯಲ್ಲಿ ತೆರೆಯುವುದಿಲ್ಲ ಎಂದು ನನಗೆ ಅನಿಸಿತು.

ಆದರೆ ಅಕ್ಕ ತನ್ನ ಜಾಗಕ್ಕೆ ಹೋಗಲಿಲ್ಲ. ಮಗಳ ಮಗ್ಗುಲಿಗೇ ಕೂತು, ಸೆರಗಿಗೆ ಕೈ ಒರೆಸಿಕೊಂಡು, ಪುಸ್ತಕ ಎತ್ತಿಕೊಂಡಳು. "ನೀ ಕಟ್ಟು. ನಾ ಓದ್ತೀನಿ" ಎಂದಳು.

ಅಕ್ಕ ಓದಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವಳ ಮದುವೆಯಾದ ಮೇಲೆ ಅವಳ ಕೈಯಲ್ಲಿ ಪುಸ್ತಕ ಕಂಡಿದ್ದೇ ಇಲ್ಲ. ಪಾಠ ಒಂದು ಎಮ್ಮೆ ಕರುವಿನದು, ಕೆರೆಗೆ ಹೋಗಿ ದಾರಿ ತಪ್ಪಿಸಿಕೊಂಡದ್ದು. ಅಕ್ಕ ಒಂದೊಂದೇ ಪದಕ್ಕೆ ಬೆರಳಿಟ್ಟು, ಪಾತ್ರೆ ಹೊತ್ತು ಕಲ್ಲುಹಾದಿಯಲ್ಲಿ ನಡೆಯುವವರ ಹಾಗೆ, ಹುಷಾರಾಗಿ ಓದಿದಳು. ಒಂದು ಕಡೆ ಸಾಲು ಬಿಟ್ಟು ಕೆಳಗಿಳಿದಳು, ಅರ್ಥ ಸೇರದೆ ಮತ್ತೆ ಮೇಲೆ ಹೋದಳು. ಒತ್ತಕ್ಷರ ಬಂದಲ್ಲಿ ಎಡವಿದಳು. ಅವಳ ಕಿವಿಯ ತುದಿ ಕೆಂಪಾಗಿತ್ತು. ಓಣಿಯ ಹೆಂಗಸರಿಗೆ ಹೂ ಹಂಚುವವಳು, ಅಂಗಡಿಯವರ ಜೊತೆ ಫೋನಿನಲ್ಲಿ ಜಗಳ ಆಡಿ ಗೆಲ್ಲುವವಳು, ಅವರೆಲ್ಲರ ಮುಂದೆ ತಡವರಿಸುತ್ತಿದ್ದಳು.

"ಎವ್ವಾ, ನಿನ್ನ ಕರು ಕೆರಿ ಮುಟ್ಟೋದ್ರಾಗ ಬಸ್ ದಾವಣಗೇರಿ ಮುಟ್ಟತೈತಿ" ಎಂದಳು ಖಾಲಾ. ಹೆಂಗಸರು ನಕ್ಕರು. ಅಕ್ಕನೂ ನಕ್ಕು, ಮುಟ್ಟಲಿ ಬಿಡು ಎಂದು ಬೆರಳಿಟ್ಟ ಕಡೆಯಿಂದ ಮುಂದುವರಿಸಿದಳು.

ಹುಡುಗಿ ನಗಲಿಲ್ಲ. ತಾಯಿಯ ಬಾಯಿಯನ್ನೇ ನೋಡುತ್ತಿದ್ದಳು. ತಾಯಿಗೂ ಓದು ಹೀಗೆ ಸಿಕ್ಕಿಕೊಳ್ಳುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅವಳ ಕಣ್ಣು ತಾಯಿಯ ಬಾಯಿಂದ ಇಳಿದು ಬೆರಳಿಗೆ ಬಂತು. ಕೈ ಕಟ್ಟುತ್ತಲೇ ಇತ್ತು. ಕುತ್ತಿಗೆ ಮಾತ್ರ ಚೂರು ಚೂರೇ ವಾಲಿ ಪುಟದ ಮೇಲೆ ಬಂತು.

ಒಂದು ಪದದಲ್ಲಿ ಅಕ್ಕ ಪೂರ್ತಿ ನಿಂತಳು. ಎರಡು ಸಲ ಶುರುಮಾಡಿ ಬಿಟ್ಟಳು. ನಾನು ಹೇಳಿಕೊಡಲು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ನನ್ನನ್ನು ತಡೆದಳು. ಹುಡುಗಿ ದಾರವನ್ನು ಕಾಲ್ಬೆರಳಿಗೆ ಬಿಟ್ಟು, ಒದ್ದೆ ಬೆರಳನ್ನು ತಾಯಿಯ ಬೆರಳ ಪಕ್ಕಕ್ಕೆ ಇಟ್ಟಳು. ಪದವನ್ನು ಎರಡು ತುಂಡಾಗಿ, ನಡುವೆ ಉಸಿರು ತೆಗೆದುಕೊಂಡು ಹೇಳಿದಳು. ಪೂರ್ತಿ ಸರಿಯಾಗಿರಲಿಲ್ಲ. ನನಗೆ ಅದು ಕೇಳಿಸಿತು. ಅಕ್ಕನಿಗೂ ಕೇಳಿಸಿತೋ ಇಲ್ಲವೋ ತಿಳಿಯದು. ಅವಳು ಅದನ್ನು ಹುಡುಗಿ ಹೇಳಿದ ಹಾಗೆಯೇ ಹೇಳಿಕೊಂಡು ಮುಂದಿನ ಪದಕ್ಕೆ ಹೋದಳು. ಮುಂದಿನದನ್ನು ಇಬ್ಬರೂ ಒಟ್ಟಿಗೆ ಓದಿದರು.

ಬಸ್ಸಿನ ಹೊತ್ತಾಗಿತ್ತು. ಕಟ್ಟಿ ಮುಗಿದಷ್ಟನ್ನು ಖಾಲಾ ಎಲೆಯಲ್ಲಿ ಸುತ್ತಿ ಬುಟ್ಟಿಗೆ ತುಂಬಿದಳು. ಒಂದಿಷ್ಟು ಮೊಗ್ಗು ಬಟ್ಟೆಯ ಮೇಲೆಯೇ ಉಳಿಯಿತು. ಅಕ್ಕ ಅದನ್ನು ನೋಡಿದಳು, ಏಳಲಿಲ್ಲ. ಮದುವೆಯವರಿಗೆ ಕಡಿಮೆ ಬಿದ್ದದ್ದಕ್ಕೆ ಮಾರನೆಯ ದಿನ ಅಂಗಡಿಯವರಿಂದ ಬೈಸಿಕೊಂಡಳು, ಅದೂ ಸಣ್ಣ ಮಾತಲ್ಲ. ಆ ಸಂಜೆ ಮಾತ್ರ ಮಗಳನ್ನು ಕೇಳಿದಳು, ನಾಳೆಯೂ ಓದೋಣೇನು ಎಂದು.

"ನೀ ಓದಿದ್ರ" ಎಂದಳು ಹುಡುಗಿ. ಆಮೇಲೆ ನನ್ನ ಕಡೆ ನೋಡಿ, ಬೇಜಾರಾಗದಿರಲಿ ಎಂಬಂತೆ ದನಿ ತಗ್ಗಿಸಿ, "ಮಾಮ ಬ್ಯಾಡ" ಎಂದಳು.

"ಹಂಗಾರ ಮಾಮ ಏನ್ ಮಾಡ್ಬೇಕು?" ಎಂದಳು ಅಕ್ಕ.

ಹುಡುಗಿ ಯೋಚಿಸಿದಳು. "ಬುಟ್ಟಿ ಒಯ್ಯಲಿ."

ನಾನು ಬುಟ್ಟಿ ಹೊತ್ತು ನಿಲ್ದಾಣಕ್ಕೆ ನಡೆದೆ. ಅದುವರೆಗೆ ಬುಟ್ಟಿ ಮುಟ್ಟಿಸುತ್ತಿದ್ದವಳು ಅಕ್ಕನೇ, ಆ ಅರ್ಧ ಗಂಟೆ ಅವಳಿಗೆ ಎಂದೂ ಸಿಕ್ಕಿರಲಿಲ್ಲ. ಅಂದಿನಿಂದ ಸಂಜೆಯ ಬುಟ್ಟಿ ನನ್ನದಾಯಿತು. ಹುಡುಗಿ ಈಗ ಐದನೆಯ ತರಗತಿಯಲ್ಲಿದ್ದಾಳೆ. ಸರಾಗವಾಗಿ ಓದುತ್ತಾಳೆಂದು ಹೇಳಲಾರೆ. ಶಾಲೆಗೆ ಹೋಗುತ್ತಾಳೆ. ಸಂಜೆ ನಾನು ಬುಟ್ಟಿ ಎತ್ತಿಕೊಂಡು ಹೊಸ್ತಿಲು ದಾಟುವಾಗ ಹಿಂದಿನಿಂದ ತಾಯಿ ಮಗಳ ದನಿ ಕೇಳುತ್ತದೆ, ಒಬ್ಬಳು ನಿಂತಲ್ಲಿ ಇನ್ನೊಬ್ಬಳು ತಡವರಿಸುತ್ತ ಮುಂದುವರಿಯುವುದು. ತಪ್ಪುಗಳೂ ಕೇಳುತ್ತವೆ. ನಾನು ನಿಲ್ಲುವುದಿಲ್ಲ, ಬಸ್ಸು ಕಾಯುವುದಿಲ್ಲ.